ಬುಡ ತಿರುಗಿಸಿ ನೋಡಿ: ಗಿಲೀಟು ಬೌದ್ಧ ವಿಗ್ರಹ ಕೊಳ್ಳುವವರ, ಮಾರುವವರ ಪ್ರಶ್ನೆಗಳು

ಪ್ರಶ್ನೆ: ಪರಿಚಯದವರ ಮೂಲಕ ಒಂದು ವಿಗ್ರಹ ಮಾರಾಟಕ್ಕೆ ಬಂದಿದೆ. ‘ಬಿಳಿ ತಾರಾ, ಗಿಲೀಟು ಕಂಚು, ಟಿಬೆಟ್, 18ನೇ ಶತಮಾನ, ಎತ್ತರ 19 ಸೆಂ.ಮೀ., ತೂಕ 1,850 ಗ್ರಾಂ’ ಎಂದು ಬರೆದು ಮೂರು ಫೋಟೊ ಕಳಿಸಿದ್ದಾರೆ. ದೇವಿ ಕಮಲದ ಮೇಲೆ ಕೂತು ಬಲಗಾಲನ್ನು ಕೆಳಗೆ ಇಳಿಬಿಟ್ಟಿದ್ದಾಳೆ. ಮುಂಗಡ ಕೊಡುವ ಮೊದಲು ಏನೇನು ಕೇಳಬೇಕು?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಮೊದಲು ಹೆಸರು ಸರಿಮಾಡಿಕೊಳ್ಳಿ. ಬಲಗಾಲು ಇಳಿಬಿಟ್ಟು, ಆ ಪಾದವನ್ನು ಪೀಠದಿಂದ ಚಿಗುರಿದ ಪುಟ್ಟ ಕಮಲದ ಮೇಲಿಟ್ಟವಳು ಹಸಿರು ತಾರೆ. ಬಿಳಿ ತಾರೆ ಎರಡೂ ಕಾಲು ಮಡಚಿ ಕೂರುತ್ತಾಳೆ. ಹಣೆಯಲ್ಲೊಂದು, ಅಂಗೈಗಳಲ್ಲೆರಡು, ಅಂಗಾಲುಗಳಲ್ಲೆರಡು ಸೇರಿ ಅವಳಿಗೆ ಏಳು ಕಣ್ಣು. ಇದನ್ನೇ ತಪ್ಪಿದವರು ಹೇಳುವ ‘18ನೇ ಶತಮಾನ’ವನ್ನು ಎಷ್ಟು ನಂಬಬೇಕು ಎಂದು ನೀವೇ ಲೆಕ್ಕ ಹಾಕಿ. ಹಾಗೆಂದು ಹೆಸರು ತಪ್ಪಾದ ಮಾತ್ರಕ್ಕೆ ವಿಗ್ರಹ ಖೋಟಾ ಆಗುವುದಿಲ್ಲ. ಎಷ್ಟೋ ಒಳ್ಳೆಯ ವಿಗ್ರಹಗಳು ತಪ್ಪು ಹೆಸರಿನಲ್ಲೇ ಕೈ ಬದಲಾಗಿವೆ.

‘ಗಿಲೀಟು ಕಂಚು’ ಎಂಬುದು ವ್ಯಾಪಾರದ ಮಾತು. ನೇಪಾಳ, ಟಿಬೆಟ್ ಕಡೆಯ ಒಳ್ಳೆಯ ಗಿಲೀಟು ವಿಗ್ರಹಗಳಲ್ಲಿ ಹೆಚ್ಚಿನವು ಹೆಚ್ಚುಕಡಿಮೆ ಬರೀ ತಾಮ್ರ. ಸೀಸ ಸೇರಿದ ಕಂಚಿನ ಮೇಲೆ ಪಾದರಸದ ಗಿಲೀಟು ಸರಿಯಾಗಿ ಕೂರದೆ ಕಲೆಕಲೆಯಾಗುತ್ತದೆ. ತಾಮ್ರ ಎರಕಕ್ಕೆ ಕಷ್ಟ, ಗಿಲೀಟಿಗೆ ಸುಲಭ. ಆದ್ದರಿಂದ ಚಿನ್ನ ಸವೆದ ಕಡೆ, ಅಂದರೆ ಮೊಣಕಾಲಿನ ಉಬ್ಬಿನಲ್ಲಿ, ಮೂಗಿನ ತುದಿಯಲ್ಲಿ, ಕೆಳಗಿನಿಂದ ಕೆಂಪು ಇಣುಕಬೇಕು. ಬೂದು ಅಥವಾ ಬಿಳಿ ಇಣುಕಿದರೆ ಅದು ಸತುವಿನ ಅಗ್ಗದ ಎರಕ, ಮುಂದಿನ ಮಾತೇ ಬೇಡ. ಹಳದಿ ಇಣುಕಿದರೆ ಹಿತ್ತಾಳೆ. ಚೀನಾದ ಹಳೆಯ ಕೆಲಸದಲ್ಲೂ ಹಿತ್ತಾಳೆ ಉಂಟು, ಅಷ್ಟಕ್ಕೇ ತಳ್ಳಿಹಾಕಬೇಡಿ.

ತೂಕ ಒಪ್ಪುವಂತಿದೆ. ಇವು ಮಣ್ಣಿನ ಗರ್ಭ ಇಟ್ಟು ಎರೆದ ಟೊಳ್ಳು ವಿಗ್ರಹಗಳು. ಗಟ್ಟಿ ಎರಕವಾಗಿದ್ದರೆ ಇದೇ ಎತ್ತರಕ್ಕೆ ತೂಕ ಎರಡು ಮೂರು ಪಟ್ಟಾಗುತ್ತಿತ್ತು.

ಮೂರು ಫೋಟೊ ಸಾಲದು. ಮುಂದೆ, ಹಿಂದೆ, ಎರಡು ಪಕ್ಕ, ಬುಡ, ಮುಖದ ಹತ್ತಿರದ ನೋಟ, ಏಟು ಬಿದ್ದ ಜಾಗ, ಇಷ್ಟನ್ನೂ ಫ್ಲಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಳಿಸಲು ಹೇಳಿ. ಫ್ಲಾಶ್ ಬಿದ್ದರೆ ಯಾವ ಗಿಲೀಟೂ ಚಿನ್ನವೇ. ಬುಡದ ಫೋಟೊ ಕೊಡಲು ಹಿಂದೇಟು ಹಾಕುವವರ ಹತ್ತಿರ ಚೌಕಾಸಿ ಮಾಡಿ ಪ್ರಯೋಜನವಿಲ್ಲ.

ಬುಡದಲ್ಲೇ ಅರ್ಧ ಕಥೆ ಇರುತ್ತದೆ. ವಿಗ್ರಹ ತಯಾರಾದ ಮೇಲೆ ಟೊಳ್ಳಿನೊಳಗೆ ಮಂತ್ರ ಬರೆದ ಕಾಗದದ ಸುರುಳಿ, ‘ಜೀವವೃಕ್ಷ’ವೆನ್ನುವ ಮರದ ಕಡ್ಡಿ, ಧಾನ್ಯ, ಮೂಲಿಕೆ ತುಂಬಿ, ತೆಳುವಾದ ತಾಮ್ರದ ತಗಡಿನಿಂದ ಮುಚ್ಚುತ್ತಾರೆ. ತಗಡಿನ ನಡುವೆ ಎರಡು ವಜ್ರಾಯುಧಗಳನ್ನು ಅಡ್ಡಡ್ಡ ಇಟ್ಟ ವಿಶ್ವವಜ್ರದ ಗುರುತು ಗೀರಿರುತ್ತಾರೆ. ತಗಡು ಬೀಳದಂತೆ ಪೀಠದ ಒಳ ಅಂಚಿಗೆ ಸಣ್ಣ ಉಳಿಯಿಂದ ಏಟು ಹಾಕಿ, ಲೋಹವನ್ನೇ ಹಲ್ಲುಹಲ್ಲಾಗಿ ತಗಡಿನ ಮೇಲೆ ಮಡಚಿರುತ್ತಾರೆ. ನೀವು ಹುಡುಕಬೇಕಾದ್ದು ಈ ಹಲ್ಲುಗಳನ್ನು. ಅವು ಒಂದೊಂದೂ ಬೇರೆ ಅಳತೆ, ಕಪ್ಪು ಹಿಡಿದಿದ್ದರೆ ಸಮಾಧಾನ. ಅಂಚಿನಲ್ಲಿ ಅಂಟು ಒಸರಿದ್ದರೆ, ಬೆಳ್ಳಗಿನ ಬೆಸುಗೆ ಕಂಡರೆ, ಹಲ್ಲುಗಳ ತುದಿ ಹೊಸ ತಾಮ್ರದ ಹಾಗೆ ಮಿನುಗಿದರೆ, ತಗಡು ಮೊನ್ನೆ ಮೊನ್ನೆಯದು. ತಗಡೇ ಇಲ್ಲದಿದ್ದರೆ ಗಾಬರಿ ಬೇಡ. ಒಳಗೆ ರತ್ನ ಇರಬಹುದೆಂಬ ಆಸೆಗೆ ಕಿತ್ತ ಹಳೆಯ ವಿಗ್ರಹಗಳು ಬೇಕಾದಷ್ಟಿವೆ. ಆಗ ಟೊಳ್ಳಿನೊಳಗೆ ಟಾರ್ಚ್ ಬಿಟ್ಟು ನೋಡಿ: ಮೂಲೆಗಳಲ್ಲಿ ಕರಿಹಿಡಿದ ಗರ್ಭದ ಮಣ್ಣು ಇನ್ನೂ ಅಂಟಿಕೊಂಡಿರಬೇಕು. ಒಳಮೈ ತೊಳೆದಿಟ್ಟ ಪಾತ್ರೆಯಂತಿದ್ದರೆ ಯಾಕೆ ತೊಳೆದರು ಎಂದು ಕೇಳಿ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಒಡವೆ, ಸೀರೆಯ ಅಂಚು, ಕಮಲದ ದಳ ನೋಡಿ. ಮೇಣದಲ್ಲಿ ತಿದ್ದಿ ಎರೆದ ಮೇಲೆ ಹಳೆಯ ಕೆಲಸಗಾರರು ಉಳಿ ಹಿಡಿದು ಗೆರೆಗಳನ್ನು ಮತ್ತೆ ಕಡಿಯುತ್ತಿದ್ದರು. ಗೆರೆಯ ಬದಿ ಚೂಪಾಗಿ, ಏಟಿನ ಲಯ ಕಾಣುವಂತಿರುತ್ತದೆ. ಇನ್ನೊಂದು ವಿಗ್ರಹದಿಂದ ರಬ್ಬರಿನ ಅಚ್ಚು ತೆಗೆದು ಎರೆದದ್ದರಲ್ಲಿ ಗೆರೆಗಳು ಸಾಬೂನು ಕರಗಿದಂತೆ ಮೊಂಡು, ಸಂದಿಗಳಲ್ಲಿ ಗುಂಡುಸೂಜಿ ತಲೆಯಷ್ಟು ಗುಳ್ಳೆ. ಸವೆತವೂ ಕೈ ಮುಟ್ಟುವ ಜಾಗದಲ್ಲೇ ಇರಬೇಕು. ಕಂಕುಳ ಸಂದಿಯಲ್ಲಿ ಚಿನ್ನ ಸವೆದು ಮೊಣಕಾಲ ಮೇಲೆ ಹೊಳೆಯುತ್ತಿದ್ದರೆ, ಸವೆಸಿದ್ದು ಭಕ್ತರಲ್ಲ, ಉಪ್ಪುಕಾಗದ.

ಇಷ್ಟೆಲ್ಲ ಸರಿ ಎನಿಸಿದರೂ ಒಂದು ಕಾಗದ ಬಾಕಿ. ಅದರ ವಿಷಯ ಕೆಳಗೆ ಶಿವಮೊಗ್ಗದವರಿಗೆ ಬರೆದಿದೆ, ಓದದೆ ಹಣ ಕೊಡಬೇಡಿ.

ಪ್ರಶ್ನೆ: ಲೋಹದಲ್ಲಿ ಏನೇನು ಸೇರಿದೆ ಎಂದು ತೋರಿಸುವ ಎಕ್ಸ್-ರೇ ಫ್ಲೋರೊಸೆನ್ಸ್ ಪರೀಕ್ಷೆಯಲ್ಲಿ ಚಿನ್ನದ ಜೊತೆ ಪಾದರಸ ಸಿಕ್ಕಿದೆ. ‘ಪಾದರಸ ಇದ್ದರೆ ಪುರಾತನ, ಇಲ್ಲದಿದ್ದರೆ ಕರೆಂಟಿನ ಗಿಲೀಟು’ ಎನ್ನುತ್ತಾರೆ ಮಾರುವವರು. ಹೌದೇ?
— ಓದುಗರು, ಮೈಸೂರು

ಉತ್ತರ: ಮಾತಿನ ಅರ್ಧ ಭಾಗ ನಿಜ. ವಿದ್ಯುತ್ತಿನಿಂದ ಚಿನ್ನ ಹಿಡಿಸುವ ವ್ಯಾಪಾರ ಶುರುವಾದದ್ದು 1840ರ ಸುಮಾರಿಗೆ, ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕ ಮೇಲೆ. ಆದ್ದರಿಂದ ಪಾದರಸದ ಸುಳಿವೇ ಇಲ್ಲದೆ ಒಂದೇ ಸಮನಾದ ತೆಳು ಚಿನ್ನವಿರುವ ವಿಗ್ರಹವನ್ನು 18ನೇ ಶತಮಾನದ್ದು ಎಂದರೆ ಅನುಮಾನಿಸಲೇಬೇಕು. ಆದರೆ ಮಾತನ್ನು ತಿರುಗಿಸಿ, ಪಾದರಸ ಇದ್ದರೆ ಪುರಾತನ ಎಂದರೆ ಸುಳ್ಳಾಗುತ್ತದೆ. ನೇಪಾಳದ ಪಾಟನ್‌ನಲ್ಲಿ ನೇವಾರ ಕುಶಲಿಗಳು ಇವತ್ತಿಗೂ ಪಾದರಸದಲ್ಲೇ ಗಿಲೀಟು ಮಾಡುತ್ತಾರೆ. ಕಳೆದ ವರ್ಷ ಎರೆದ ತಾರೆಯೂ ನಿಮ್ಮ ಯಂತ್ರದಲ್ಲಿ ಇದೇ ಉತ್ತರ ಕೊಡುತ್ತಾಳೆ.

ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಕಣ್ಣಿಗೇ ಬಹಳಷ್ಟು ಗೊತ್ತಾಗುತ್ತದೆ. ಒಂದು ಪಾಲು ಚಿನ್ನಕ್ಕೆ ಆರರಿಂದ ಎಂಟು ಪಾಲು ಪಾದರಸ ಸೇರಿಸಿ ಅರೆದರೆ ಬೆಣ್ಣೆಯಂಥ ಬಿಳಿ ಮುದ್ದೆಯಾಗುತ್ತದೆ. ಒಂದು ತೊಲ, ಅಂದರೆ 11.66 ಗ್ರಾಂ ಚಿನ್ನಕ್ಕೆ 70ರಿಂದ 93 ಗ್ರಾಂ ಪಾದರಸ ಎಂದಿಟ್ಟುಕೊಳ್ಳಿ. ಅದನ್ನು ಶುದ್ಧ ಮಾಡಿದ ತಾಮ್ರದ ಮೈಗೆ ಸವರುತ್ತಾರೆ. ಆಗ ವಿಗ್ರಹ ಬೆಳ್ಳಿಯದಂತೆ ಕಾಣುತ್ತದೆ, ಚಿನ್ನದ ಗುರುತೇ ಇಲ್ಲ. ಕಾಯಿಸಿದಾಗ ಪಾದರಸ ಆವಿಯಾಗಿ ಹೋಗುತ್ತದೆ. ಅದು ಕುದಿಯುವುದು 357 ಡಿಗ್ರಿಯಲ್ಲಿ, ಚಿನ್ನ ಕರಗಲು 1,064 ಬೇಕು. ಉಳಿಯುವುದು ಮಂಕಾದ, ಅರಿಸಿನ ಮೆತ್ತಿದಂಥ ಪದರ. ಅಕೀಕು ಕಲ್ಲಿನಿಂದ ಒತ್ತಿ ಉಜ್ಜಿದ ಮೇಲೆಯೇ ಹೊಳಪು ಬರುವುದು. ಹಾಗಾಗಿ ಉಜ್ಜುಗಲ್ಲು ತಲುಪದ ಸಂದಿಗಳಲ್ಲಿ ಮಂಕು ಹಳದಿ ಉಳಿದಿರುತ್ತದೆ, ಮುದ್ದೆ ಜಾರಿ ನಿಂತ ಕಡೆ ಚಿನ್ನ ದಪ್ಪಗಿರುತ್ತದೆ, ಪೀಠದ ಒಳ ಅಂಚಿನಲ್ಲಿ ಒಂದೆರಡು ತೊಟ್ಟು ಹರಿದಿರುತ್ತದೆ. ಕರೆಂಟಿನ ಗಿಲೀಟು ಈ ಭೇದವೆಲ್ಲ ಎಣಿಸದೆ ಒಳಗೂ ಹೊರಗೂ ಒಂದೇ ಹೊಳಪು ಹೊದಿಸಿಬಿಡುತ್ತದೆ.

ವಯಸ್ಸಿಗೆ ಹತ್ತಿರವಾದ ಪರೀಕ್ಷೆ ಬೇಕಾದರೆ ಗರ್ಭದ ಮಣ್ಣಿನ ಥರ್ಮೊಲ್ಯೂಮಿನೆಸೆನ್ಸ್. ಮಣ್ಣು ಕಡೆಯ ಸಲ ಕಾದು ಎಷ್ಟು ಕಾಲವಾಯಿತು ಎಂದು ಅದು ಹೇಳುತ್ತದೆ, ಹೆಚ್ಚುಕಡಿಮೆ ಶೇ. 20-25ರ ಅಂತರದಲ್ಲಿ. ಅಂದರೆ 300 ವರ್ಷ ಎಂದು ಬಂದರೆ ಅದನ್ನು 225ರಿಂದ 375 ಎಂದು ಓದಬೇಕು. ವಿಗ್ರಹ ನೂರು ವರ್ಷದ್ದೋ ಹತ್ತು ವರ್ಷದ್ದೋ ಎಂಬ ಜಗಳ ತೀರಿಸಲು ಇಷ್ಟು ಸಾಕು. ಯಾವ ದೊರೆಯ ಕಾಲ ಎಂಬ ಜಗಳಕ್ಕೆ ಸಾಲದು. ಮಣ್ಣಿನ ಮಾದರಿ ತೆಗೆಯುವ ಮೊದಲು ವಿಗ್ರಹವನ್ನು ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಮಾಡಿಸಬೇಡಿ, ಆ ವಿಕಿರಣವೂ ಲೆಕ್ಕಕ್ಕೆ ಸೇರಿ ವಯಸ್ಸು ಹೆಚ್ಚು ತೋರುತ್ತದೆ. ನಡುವೆ ಯಾರಾದರೂ ಮತ್ತೆ ಕಾಯಿಸಿ ಹೊಸ ಗಿಲೀಟು ಕೊಟ್ಟಿದ್ದರೂ ಲೆಕ್ಕ ಕಲಸಿಹೋಗಬಹುದು.

ಇನ್ನೊಂದು ಮಾತು. ಸವೆದ ಕಡೆ ‘ಹಳೇ ಪದ್ಧತಿಯಲ್ಲೇ’ ಗಿಲೀಟು ಹಾಕಿಕೊಡುತ್ತೇನೆ ಎನ್ನುವವರನ್ನು ದೂರವಿಡಿ. ಬೆಲೆ ಬೀಳುವುದು ಆಮೇಲಿನ ಮಾತು. ಪಾದರಸದ ಆವಿ ಕುಡಿದವರ ನರ, ಮೂತ್ರಪಿಂಡ ಎರಡೂ ಕೆಡುತ್ತವೆ.

ಪ್ರಶ್ನೆ: ಅಜ್ಜನ ಕಾಲದಿಂದ ಮನೆಯಲ್ಲಿರುವ ಬುದ್ಧನ ಗಿಲೀಟು ವಿಗ್ರಹ ಮಾರಬೇಕೆಂದಿದ್ದೇವೆ. ಪೀಠದ ಸುತ್ತ ತಿಳಿಹಸಿರು ಪುಡಿ ಎದ್ದಿದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಫಳಫಳ ಅನ್ನುತ್ತದೆ ಎನ್ನುತ್ತಾರೆ ಅಮ್ಮ. ತಿಕ್ಕಬಹುದೇ?
— ಓದುಗರು, ಸುರತ್ಕಲ್

ಉತ್ತರ: ಬೇಡವೇ ಬೇಡ. ದೇವರ ಮನೆಯ ಹರಿವಾಣಕ್ಕೆ ಸರಿಯಾದ ಔಷಧಿ ಇಲ್ಲಿ ವಿಷ. ಗಿಲೀಟಿನ ಪದರ ಕೆಲವೇ ಮೈಕ್ರಾನ್ ದಪ್ಪ, ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಹುಣಸೆಯ ಹುಳಿ ಚಿನ್ನವನ್ನು ಮುಟ್ಟದು, ರಂಧ್ರದೊಳಗೆ ಇಳಿದು ತಾಮ್ರವನ್ನು ತಿನ್ನುತ್ತದೆ. ಕೆಳಗಿನ ತಾಮ್ರ ಹೋದ ಮೇಲೆ ಮೇಲಿನ ಚಿನ್ನ ಸಿಪ್ಪೆಯಂತೆ ಏಳುತ್ತದೆ. ಉಪ್ಪು ಇನ್ನೂ ಕೆಟ್ಟದ್ದು: ಅದರ ಕ್ಲೋರೈಡ್ ತಾಮ್ರದೊಂದಿಗೆ ಸೇರಿ, ತೇವ ಸಿಕ್ಕಾಗಲೆಲ್ಲ ಮತ್ತೆ ಮತ್ತೆ ಹಸಿರು ಪುಡಿಯಾಗಿ ಉಕ್ಕುತ್ತದೆ. ‘ಕಂಚಿನ ರೋಗ’ ಎನ್ನುವುದು ಇದನ್ನೇ. ನಿಮ್ಮದು ಕಡಲ ಊರು, ಗಾಳಿಯಲ್ಲೇ ಉಪ್ಪಿದೆ; ಕೈಯಾರೆ ಇನ್ನಷ್ಟು ಹಾಕುವುದು ಯಾಕೆ?

ಪಾತ್ರೆಗೆ ಬರುವ ಕಿಲುಬಿಗೂ ಈ ರೋಗಕ್ಕೂ ವ್ಯತ್ಯಾಸ ಗೊತ್ತುಮಾಡಿಕೊಳ್ಳಿ. ಕಿಲುಬು ಗಟ್ಟಿ, ಕಡುಹಸಿರು, ಉಗುರಿಗೆ ಜಪ್ಪಯ್ಯ ಅನ್ನುವುದಿಲ್ಲ. ರೋಗದ ಪುಡಿ ತಿಳಿಹಸಿರು, ಹಿಟ್ಟಿನಂತೆ ಉದುರುತ್ತದೆ. ಮೆತ್ತನೆಯ ಒಣ ಕುಂಚದಿಂದ ಪುಡಿಯನ್ನು ಗುಡಿಸಿ, ವಿಗ್ರಹವನ್ನು ಕಪ್ಪು ಕಾಗದದ ಮೇಲೆ ಒಂದು ವಾರ ಇಡಿ. ಮತ್ತೆ ಪುಡಿ ಉದುರಿದ್ದರೆ ರೋಗ ಜೀವಂತವಾಗಿದೆ. ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ತೇವಾಂಶವನ್ನು ಶೇ. 40ರ ಕೆಳಗೆ ಹಿಡಿದರೆ ಅದು ತಣ್ಣಗಾಗುತ್ತದೆ. ಜೆಲ್ಲಿನ ಬಣ್ಣ ಬದಲಾದ ದಿನ ಬದಲಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ನೋಡಿ, ಜೊತೆಗೆ ಒಂದು ಸಣ್ಣ ತೇವಮಾಪಕವನ್ನೂ ಇಡಿ. ಪುಡಿಯನ್ನು ಬೇರುಸಹಿತ ತೆಗೆಯುವುದು ಲೋಹ ಸಂರಕ್ಷಣೆ ಕಲಿತವರ ಕೆಲಸ.

ನೀರೂ ಬೇಡ. ಟಿಬೆಟ್ಟಿನ ಪದ್ಧತಿಯಲ್ಲಿ ಮುಖಕ್ಕೆ ಚಿನ್ನದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ, ಬೆಂಕಿ ತೋರಿಸಿರುವುದಿಲ್ಲ. ಮುಖ ಮಾತ್ರ ಮಂಕು ಹಳದಿಯಾಗಿ, ಮೈ ಹೊಳೆಯುತ್ತಿದ್ದರೆ ಅದೇ. ಕೂದಲ ನೀಲಿ, ತುಟಿಯ ಕೆಂಪು ಕೂಡ ಅಂಟಿನ ಬಣ್ಣವೇ. ಒಂದು ಸಲ ಒದ್ದೆ ಬಟ್ಟೆ ಆಡಿಸಿದರೆ ನೂರಾರು ವರ್ಷದ ಕಣ್ಣು, ಹುಬ್ಬು ಬಟ್ಟೆಗೆ ಬಂದುಬಿಡುತ್ತವೆ. ತೊಳೆದ ಮುಖವನ್ನು ಬಲ್ಲವರು ದೂರದಿಂದಲೇ ಗುರುತಿಸಿ ಬೆಲೆ ಇಳಿಸುತ್ತಾರೆ. ಬುಡದ ತಗಡು ಇದ್ದರಂತೂ ಒಳಗಿನ ಕಾಗದ ನೀರು ಕುಡಿದು ವರ್ಷಗಟ್ಟಲೆ ಒಳಗಿನಿಂದ ತೇವ ಬಿಡುತ್ತಿರುತ್ತದೆ. ಎತ್ತುವಾಗ ಎರಡೂ ಕೈ ಪೀಠಕ್ಕೆ. ಪ್ರಭಾವಳಿ, ಹೂವಿನ ದಂಟು, ಕಿರೀಟ ಬೇರೆಯಾಗಿ ಎರೆದು ಜೋಡಿಸಿರುತ್ತಾರೆ. ಅವನ್ನು ಹಿಡಿದು ಎತ್ತಿದರೆ ಅವಷ್ಟೇ ಕೈಗೆ ಬರುತ್ತವೆ.

ಪ್ರಶ್ನೆ: ಪೀಠದ ಮುಂಭಾಗದಲ್ಲಿ ಆರು ಚೀನೀ ಅಕ್ಷರಗಳಿವೆ. ‘ಮಿಂಗ್ ದೊರೆ ಯೊಂಗ್‌ಲೆ ಕಾಲದ್ದು, ಹರಾಜಿನಲ್ಲಿ ಕೋಟಿಗಟ್ಟಲೆ ಬರುತ್ತದೆ’ ಎಂದು ಮಾರುವವರ ವಾದ.
— ಓದುಗರು, ಹುಬ್ಬಳ್ಳಿ

ಉತ್ತರ: ಕೋಟಿಯ ಮಾತು ಸುಳ್ಳಲ್ಲ. 2013ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಯೊಂಗ್‌ಲೆ ಕಾಲದ ಗಿಲೀಟು ಬುದ್ಧ 23 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿತು. ಅದಕ್ಕೇ ಆ ಆರು ಅಕ್ಷರ ಖೋಟಾ ಮಾಡುವವರಿಗೆ ಅಷ್ಟು ಪ್ರೀತಿ.

ಯೊಂಗ್‌ಲೆ ಆಳಿದ್ದು 1403ರಿಂದ 1424. ಅರಮನೆಯ ಕಾರ್ಖಾನೆಯಲ್ಲಿ ಮಾಡಿಸಿದ ವಿಗ್ರಹಗಳನ್ನು ಟಿಬೆಟ್ಟಿನ ಲಾಮಾಗಳಿಗೆ ಕಾಣಿಕೆಯಾಗಿ ಕೊಡುತ್ತಿದ್ದ. ಬರಹ ‘ದಾ ಮಿಂಗ್ ಯೊಂಗ್‌ಲೆ ನಿಯೆನ್ ಷಿ’: ಮಹಾ ಮಿಂಗ್‌ನ ಯೊಂಗ್‌ಲೆ ಕಾಲದಲ್ಲಿ ಅರ್ಪಿಸಿದ್ದು. ಕೊನೆಯ ಅಕ್ಷರ ನೋಡಿ. ಅದು ದಾನದ ‘ಷಿ’ ಆಗಿರಬೇಕು. ಪಿಂಗಾಣಿಯ ಮೇಲೆ ಬರುವ, ‘ತಯಾರಿಸಿದ್ದು’ ಎನ್ನುವ ಅಕ್ಷರ ಇದ್ದರೆ ಪಿಂಗಾಣಿಯ ಬುಡ ನೋಡಿ ನಕಲು ಹೊಡೆದಿದ್ದಾರೆಂದು ಶಂಕಿಸಿ. ಎರಡನೆಯದು, ಸಾಲಿನ ದಿಕ್ಕು. ಆ ಕಾಲದ ಚೀನೀ ಬರಹ ಬಲದಿಂದ ಎಡಕ್ಕೆ. ಈ ವಿಗ್ರಹಗಳಲ್ಲಿ ಮಾತ್ರ ಟಿಬೆಟ್ ಬರಹದಂತೆ ಎಡದಿಂದ ಬಲಕ್ಕೆ. ಮೂರನೆಯದು, ಜಾಗ: ಕಮಲದ ಮೇಲಿನ ಪೀಠದ ಮಟ್ಟಸ ಮೈಮೇಲೆ, ದೇವತೆಯ ಮುಂದೆ. ಅಕ್ಷರದ ಗುಂಡಿಯೊಳಗೂ ಗಿಲೀಟು ಇಳಿದಿದೆಯೇ ಎಂದು ಮಸೂರದಲ್ಲಿ ನೋಡಿ. ಗುಂಡಿಯೊಳಗೆ ಬರಿ ತಾಮ್ರ ಕಂಡರೆ ವಿಗ್ರಹ ಹಳೆಯದಿದ್ದರೂ ಬರಹ ಆಮೇಲೆ ಕಡಿದದ್ದಿರಬಹುದು.

ಇನ್ನೊಂದು ಸಾಧ್ಯತೆಯೂ ಇದೆ. ಕೈಯಲ್ಲಿ ಕಲಶ ಹಿಡಿದ, ದೀರ್ಘಾಯುಸ್ಸಿನ ಬುದ್ಧನಾದ ಅಮಿತಾಯುಸ್ ಆಗಿದ್ದರೆ, ಬರಹ ಚಿಂಗ್ ದೊರೆ ಚಿಯೆನ್‌ಲೊಂಗ್‌ನದಿರಬಹುದು. 1770ರ ಸಂವತ್ಸರ ಹೊತ್ತ ಅಮಿತಾಯುಸ್ ವಿಗ್ರಹಗಳು ರಾಶಿ ರಾಶಿ ಇವೆ. ಆ ವರ್ಷ ದೊರೆಯ 60ನೇ ಹುಟ್ಟುಹಬ್ಬ, ಮರುವರ್ಷ ತಾಯಿಯ 80ನೆಯದು. ನಿಜವಾದರೂ ಅಪರೂಪವಲ್ಲ, ಯೊಂಗ್‌ಲೆ ಬೆಲೆಯ ಕನಸು ಬೇಡ.

ಪೀಠದ ಬರಹ ಎಷ್ಟು ಗಟ್ಟಿ ಸಾಕ್ಷಿಯಾಗಬಲ್ಲದು ಎಂದು ನೋಡಲು ಚೀನಾಕ್ಕೆ ಹೋಗಬೇಕಿಲ್ಲ. ಮಂಗಳೂರಿನ ಕದ್ರಿಯ ಕಂಚಿನ ಲೋಕೇಶ್ವರನ ಪೀಠದಲ್ಲಿ ಆಳುಪ ದೊರೆ ಕುಂದವರ್ಮ, ಕದರಿಕಾ ವಿಹಾರ, ಕ್ರಿ.ಶ. 968ಕ್ಕೆ ಸರಿಹೊಂದುವ ಕಲಿವರ್ಷ ಮೂರೂ ಇವೆ. ಯಾರು, ಎಲ್ಲಿ, ಯಾವಾಗ. ನಿಮ್ಮ ಆರು ಅಕ್ಷರ ಇದರಲ್ಲಿ ‘ಎಲ್ಲಿ’ ಹೇಳುವುದಿಲ್ಲ. ಅದನ್ನು ಮಾರುವವರ ದಾಖಲೆ ಹೇಳಬೇಕು.

ಪ್ರಶ್ನೆ: ನಮ್ಮ ಮನೆಯ ಹಳೆಯ ಗಿಲೀಟು ಮಂಜುಶ್ರೀ ವಿಗ್ರಹವನ್ನು ಮಾರಲು ಸರ್ಕಾರದ ಅನುಮತಿ ಬೇಕೇ? ಕೊಳ್ಳಲು ಬಂದವರು ‘ಕಾಗದ ಪತ್ರ ಯಾತಕ್ಕೆ, ನಗದು ಕೊಡುತ್ತೇನೆ’ ಎಂದರು.
— ಓದುಗರು, ಶಿವಮೊಗ್ಗ

ಉತ್ತರ: 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ, ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ನೂರು ವರ್ಷ ತುಂಬಿದ ಲೋಹದ ವಿಗ್ರಹ ಅದರ ಪ್ರಕಾರ ಪ್ರಾಚ್ಯವಸ್ತು. ನೋಂದಣಿ ಅಧಿಕಾರಿಯ ಬಳಿ ಫೋಟೊ ಸಮೇತ ನೋಂದಾಯಿಸಬೇಕು. ಮಾರಿದರೆ, ದಾನ ಕೊಟ್ಟರೆ, ಬೇರೆಯವರ ಸ್ವಾಧೀನಕ್ಕೆ ಬಿಟ್ಟರೂ ಅದನ್ನು ಅಧಿಕಾರಿಗೆ ತಿಳಿಸಬೇಕು. ಪ್ರಾಚ್ಯವಸ್ತು ಮಾರುವುದನ್ನೇ ವ್ಯಾಪಾರವಾಗಿ ನಡೆಸುವವರಿಗೆ ಪರವಾನಗಿ ಇರಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ, ವಿಗ್ರಹ ಮುಟ್ಟುಗೋಲಾಗಲೂಬಹುದು. ಹೊಲದಲ್ಲೋ ಪಾಯ ತೋಡುವಾಗಲೋ ಸಿಕ್ಕಿದ್ದಾದರೆ ಅದು ಕರ್ನಾಟಕದ 1962ರ ನಿಧಿ ಕಾಯ್ದೆಗೆ ಸೇರಿದ್ದು. ಜಿಲ್ಲಾಧಿಕಾರಿಗೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ.

ಲೆಕ್ಕ ಸರಳ. ‘ಮುನ್ನೂರು ವರ್ಷದ್ದು, ಆದರೆ ಕಾಗದ ಬೇಡ’ ಎನ್ನುವವರು ಎರಡರಲ್ಲಿ ಒಂದನ್ನು ಸುಳ್ಳು ಹೇಳುತ್ತಿದ್ದಾರೆ. ಹಳೆಯದಾದರೆ ಕಾಗದ ಬೇಕು. ಕಾಗದ ಬೇಡವಾಗುವುದು ಅದು ಹಳೆಯದಲ್ಲದಿದ್ದರೆ ಮಾತ್ರ. ಆಗ ಹಳೆಯದರ ಬೆಲೆ ಯಾಕೆ?

ಕಾಗದವೆಂದರೆ ನೋಂದಣಿ ಪತ್ರ ಒಂದೇ ಅಲ್ಲ. ಅಜ್ಜ ಕೊಂಡ ರಸೀದಿ, ಹಳೆಯ ಪೂಜೆಯ ಫೋಟೊದಲ್ಲಿ ಮೂಲೆಯಲ್ಲಿ ಕಾಣುವ ವಿಗ್ರಹ, ಪಾಲುಪಟ್ಟಿಯಲ್ಲಿನ ಒಂದು ಸಾಲು, ಎಲ್ಲವನ್ನೂ ಒಟ್ಟು ಮಾಡಿ. ನಾಲಂದದ ವಸ್ತುಸಂಗ್ರಹಾಲಯದಿಂದ 1961ರಲ್ಲಿ ಕಳುವಾದ 12ನೇ ಶತಮಾನದ ಬುದ್ಧನ ಕಂಚು, ಯುರೋಪಿನ ಕಲಾ ಮಾರುಕಟ್ಟೆಯಲ್ಲಿ ಮೈದೋರಿ, 2018ರ ಆಗಸ್ಟ್ 15ರಂದು ಲಂಡನ್ನಿನಲ್ಲಿ ಭಾರತದ ಕೈಸೇರಿತು. ಗುರುತು ಹಿಡಿದುಕೊಟ್ಟದ್ದು ಪುರಾತತ್ವ ಇಲಾಖೆಯ ಬಳಿಯಿದ್ದ ಹಳೆಯ ಫೋಟೊಗಳು. ಐವತ್ತೇಳು ವರ್ಷದಲ್ಲಿ ಅದು ಎಷ್ಟೋ ಕೈ ದಾಟಿತ್ತು. ಕಡೆಗೆ ಹಿಡಿದಿದ್ದವರು ಬಿಟ್ಟುಕೊಡಬೇಕಾಯಿತು.

ಪ್ರಶ್ನೆ: ಪಾಟನ್‌ಗೆ ಪ್ರವಾಸ ಹೋಗುತ್ತಿದ್ದೇವೆ. ಹೊಸ ಗಿಲೀಟು ವಿಗ್ರಹ ತಂದರೆ ತೊಂದರೆಯೇ?
— ಓದುಗರು, ಧಾರವಾಡ

ಉತ್ತರ: ಹೊಸದಕ್ಕೆ ತೊಂದರೆಯಿಲ್ಲ, ಆದರೆ ಅದು ಹೊಸದು ಎಂದು ನೇಪಾಳದ ಪುರಾತತ್ವ ಇಲಾಖೆ ಮೊಹರು ಹಾಕಿಕೊಡಬೇಕು. ಅಂಗಡಿಯವರೇ ಮಾಡಿಸಿಕೊಡುತ್ತಾರೆ, ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಬೇಕೆಂದೇ ಕಪ್ಪು ಹಿಡಿಸಿ ‘ಹಳೆಯದರಂತೆ’ ಮಾಡಿದ್ದನ್ನು ಕೊಂಡರೆ ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುವ ಕೆಲಸ ನಿಮ್ಮದು. ಬುಡದ ತಗಡು ಇನ್ನೂ ಮುಚ್ಚದ ವಿಗ್ರಹ ಸಿಕ್ಕರೆ ಒಳಮೈ ನೋಡಿ ಆರಿಸಬಹುದು. ಒಳಗೆ ತುಂಬಿ ಪ್ರತಿಷ್ಠೆ ಮಾಡಿಸಬೇಕಾದರೆ ಬೈಲಕುಪ್ಪೆ, ಮುಂಡಗೋಡಿನ ಮಠಗಳಲ್ಲಿ ವಿಚಾರಿಸಿ.

ಪ್ರಶ್ನೆ: ತಾತನ ಮನೆಯ ಗಿಲೀಟು ವಿಗ್ರಹವನ್ನು ಅಮೆರಿಕಕ್ಕೆ ಒಯ್ಯಬೇಕು. ಟಿಬೆಟ್ಟಿನದು, ಭಾರತದ್ದಲ್ಲವಲ್ಲ?
— ಓದುಗರು, ನ್ಯೂಜೆರ್ಸಿ

ಉತ್ತರ: ಕಾಯ್ದೆ ವಿಗ್ರಹದ ತವರು ಕೇಳುವುದಿಲ್ಲ, ವಯಸ್ಸು ಕೇಳುತ್ತದೆ. ನೂರು ವರ್ಷ ತುಂಬಿದ್ದರೆ ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಶಿಕ್ಷೆ ಕನಿಷ್ಠ ಆರು ತಿಂಗಳು, ಮೂರು ವರ್ಷದವರೆಗೆ, ಜೊತೆಗೆ ದಂಡ. ನೂರು ತುಂಬಿಲ್ಲ ಎಂಬ ನಂಬಿಕೆಯಿದ್ದರೆ ಭಾರತೀಯ ಪುರಾತತ್ವ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಿರಿ. ವಿಗ್ರಹವನ್ನೇ ಒಯ್ದು ತೋರಿಸಬೇಕಾಗುತ್ತದೆ, ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ಹೋಗಿ. ಪ್ರಾಚ್ಯವಸ್ತುವೇ ಎಂದು ಅವರು ಹೇಳಿದರೆ ನೋಂದಣಿ ಮಾಡಿಸಿ, ಊರಿನಲ್ಲಿರುವ ಯಾರ ಹೆಸರಿಗಾದರೂ ವರ್ಗಾಯಿಸಿ.